'ವೀ' ಅಂದರೆ ಎಷ್ಟು? ಒಂದು ಸ್ಕಾಟ್ಸ್ ಪದದ ಅಳತೆ

ಗ್ಲಾಸ್ಗೋದ ಯಾವುದೋ ಮೂಲೆಯಂಗಡಿಯಲ್ಲಿ ಹಾಲು, ಬ್ರೆಡ್ಡು, ಮೊಟ್ಟೆ ಕೌಂಟರಿನ ಮೇಲಿಟ್ಟರೆ ಗಲ್ಲಾದಲ್ಲಿ ಕೂತವರು ಕೇಳುತ್ತಾರೆ: "ಡು ಯು ವಾಂಟ್ ಎ ವೀ ಬ್ಯಾಗ್?" ವೀ ಎಂದರೆ ಚಿಕ್ಕದು ಎಂದು ನಿಘಂಟು ನೋಡಿಕೊಂಡು ಬಂದವರು "ಇಲ್ಲ, ದೊಡ್ಡದೇ ಕೊಡಿ" ಎಂದರೆ ಅವರು ತಬ್ಬಿಬ್ಬಾಗುತ್ತಾರೆ. ಅಲ್ಲಿರುವುದು ಒಂದೇ ಅಳತೆಯ ಚೀಲ. ಸ್ಕಾಟ್ಲೆಂಡಿನಲ್ಲಿ 2014ರ ಅಕ್ಟೋಬರಿನಿಂದ ಅಂಗಡಿಯ ಚೀಲಕ್ಕೆ ದುಡ್ಡು ಕೊಡಲೇಬೇಕು. ಮೊದಲು ಕನಿಷ್ಠ 5 ಪೆನ್ಸ್ ಇತ್ತು, 2021ರ ಏಪ್ರಿಲಿನಿಂದ 10 ಆಯಿತು. ಹಾಗಾಗಿ ಚೀಲ ಬೇಕಾ ಎಂದು ಕೇಳುವುದೆಂದರೆ ಇನ್ನೊಂದಿಷ್ಟು ಕಾಸು ಕೇಳಿದ ಹಾಗೆ. ಆ ಮುಜುಗರಕ್ಕೆ ಸವರಿದ ಬೆಣ್ಣೆಯೇ 'ವೀ'. ಚೀಲದ ಅಳತೆಗೂ ಅದಕ್ಕೂ ಸಂಬಂಧವಿಲ್ಲ.

ಓದಲು, ಆಸ್ಪತ್ರೆಗಳಲ್ಲಿ ದುಡಿಯಲು, ಕಂಪನಿ ಕೆಲಸಕ್ಕೆಂದು ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್ ಕಡೆ ಹೋಗುವ ಕನ್ನಡಿಗರಿಗೆ ಮೊದಲ ವಾರವೇ ಎದುರಾಗುವ ಪದ ಇದು. ಚಿಕ್ಕದು ಎನ್ನುವುದು ಇದರ ಹತ್ತಾರು ಕೆಲಸಗಳಲ್ಲಿ ಒಂದು. ಉಳಿದವನ್ನು ಹಿಡಿಯಲು ನಮ್ಮ 'ಒಂಚೂರು', 'ಸ್ವಲ್ಪ'ಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕು.

ಮೊದಲಿಗೆ, ಸ್ಕಾಟ್ಸ್ ಎಂದರೆ ಯಾವ ಭಾಷೆ?

ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷಿನ ಜೊತೆಗೆ ಎರಡು ದೇಸಿ ಭಾಷೆಗಳಿವೆ. ಒಂದು ಗೇಲಿಕ್, ಐರಿಷ್ ಭಾಷೆಯ ಒಡಹುಟ್ಟು. ಇಂಗ್ಲಿಷ್ ಬಲ್ಲವರಿಗೆ ಒಂದು ಮಾತೂ ತಿಳಿಯದಷ್ಟು ಬೇರೆ. ಇನ್ನೊಂದು ಸ್ಕಾಟ್ಸ್. ಇದೂ ಇಂಗ್ಲಿಷೂ ಹಳೆಯ ಇಂಗ್ಲಿಷ್ ಎಂಬ ಒಂದೇ ಬೇರಿನಿಂದ ಕವಲೊಡೆದವು. ಹಾಗಾಗಿ ಸ್ಕಾಟ್ಸ್ ಕಿವಿಗೆ ಬಿದ್ದಾಗ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ ಎನಿಸುತ್ತದೆ. ತಮಿಳೋ ತುಳುವೋ ಬಾರದ ಕನ್ನಡಿಗರಿಗೆ ಅವುಗಳ ನಡುನಡುವೆ ಪರಿಚಿತ ಪದ ಸಿಕ್ಕ ಹಾಗೆ. 2022ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನ ತಮಗೆ ಸ್ಕಾಟ್ಸ್ ಮಾತಾಡಲು ಬರುತ್ತದೆ ಎಂದಿದ್ದಾರೆ. ಗೇಲಿಕ್ ಮಾತಾಡುವವರು ಸುಮಾರು 70 ಸಾವಿರ.

ಇದು ಭಾಷೆಯೇ, ಕೆಟ್ಟ ಇಂಗ್ಲಿಷೇ ಎಂಬ ಜಗಳ ಅಲ್ಲಿ ತಲೆಮಾರುಗಳಿಂದ ಇದೆ. ತರಗತಿಯಲ್ಲಿ ಸ್ಕಾಟ್ಸ್ ಆಡಿ ಬೈಸಿಕೊಂಡ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ. 2025ರ ಜೂನಿನಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಭಾಷಾ ಮಸೂದೆಯನ್ನು ಒಪ್ಪಿ ಗೇಲಿಕ್, ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಟ್ಟಿತು. ಸುದ್ದಿಯಲ್ಲಿ ಸ್ಕಾಟ್ಸ್ ಹೆಸರು ಮತ್ತೆ ಮತ್ತೆ ಬರಲು ಇದೂ ಒಂದು ಕಾರಣ.

'ವೀ' ಗೇಲಿಕ್ ಪದವಲ್ಲ. ಗೇಲಿಕ್‌ನಲ್ಲಿ ಚಿಕ್ಕದಕ್ಕೆ 'ಬೆಗ್' ಎಂದೋ 'ಬೆಕ್' ಎಂದೋ ಕೇಳಿಸುವ ಬೇರೆಯದೇ ಪದವಿದೆ. 'ವೀ' ಅಪ್ಪಟ ಸ್ಕಾಟ್ಸ್. ಸ್ಕಾಟ್ಸ್ ಬರುವುದಿಲ್ಲ ಎನ್ನುವವರೂ, ಕೋಟು ತೊಟ್ಟ ವಕೀಲರೂ, ಟಿವಿಯಲ್ಲಿ ಹವಾಮಾನ ಓದುವವರೂ ಯೋಚಿಸದೆ ಬಳಸುವ ಸ್ಕಾಟ್ಸ್ ಪದ ಯಾವುದಾದರೂ ಇದ್ದರೆ ಇದೇ.

ತೂಕದಿಂದ ಹುಟ್ಟಿದ ಚಿಕ್ಕದು

ಹಳೆಯ ಇಂಗ್ಲಿಷಿನಲ್ಲಿ 'ತೂಕ' ಎಂಬ ಅರ್ಥದ ಒಂದು ನಾಮಪದವಿತ್ತು. ಇಂಗ್ಲಿಷಿನ 'ತೂಗು' ಕ್ರಿಯಾಪದವಾದ 'ವೇ' ಅದರ ಬಳಗದ್ದೇ. ದಕ್ಷಿಣದಲ್ಲಿ, ಇಂಗ್ಲೆಂಡಿನ ವ್ಯಾಪಾರಿಗಳ ಬಾಯಲ್ಲಿ ಆ ನಾಮಪದ ಸಗಟು ಅಳತೆಯ ಹೆಸರಾಗಿ ನಿಂತಿತು. ಒಂದು 'ವೇ' ಉಣ್ಣೆ ಎಂದರೆ 182 ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 82 ಕಿಲೋ. ಒಬ್ಬ ಹಮಾಲಿ ಹೊರುವ ಮೂಟೆ.

ಉತ್ತರದಲ್ಲಿ ಅದೇ ಪದ ಬೇರೆ ದಾರಿ ಹಿಡಿಯಿತು. ಅಲ್ಲಿನವರು 'ಎ ಲಿಟಿಲ್ ವೀ' ಎನ್ನುತ್ತಿದ್ದರು. ಒಂದು ಸಣ್ಣ ತೂಕ, ಅಂದರೆ ಕೊಂಚ. ಅಬರ್ಡೀನಿನ ಪಾದ್ರಿ ಜಾನ್ ಬಾರ್ಬರ್ 1375ರ ಸುಮಾರಿಗೆ ಬರೆದ ರಾಜ ರಾಬರ್ಟ್ ಬ್ರೂಸ್‌ನ ಕಾವ್ಯದಲ್ಲಿ ಈ ಜೋಡಿ ಸಿಗುತ್ತದೆ. ಸದಾ 'ಲಿಟಿಲ್' ಜೊತೆಗೇ ಓಡಾಡಿ ಓಡಾಡಿ 'ವೀ'ಗೂ ಚಿಕ್ಕತನ ಅಂಟಿತು. ಆಮೇಲೆ 'ಲಿಟಿಲ್' ಕಳಚಿ ಬಿತ್ತು, ಅರ್ಥ ಮಾತ್ರ ಉಳಿಯಿತು. 15ನೇ ಶತಮಾನದ ಹೊತ್ತಿಗೆ 'ವೀ' ಒಂಟಿಯಾಗಿ ನಿಂತು 'ಚಿಕ್ಕ' ಎನ್ನುವ ವಿಶೇಷಣವಾಗಿತ್ತು. ಹೀಗೆ ಒಂದೇ ಪದ ಗಡಿಯ ಆಚೆ 82 ಕಿಲೋ, ಈಚೆ ಚಿಟಿಕೆಯಷ್ಟು.

ಇದು ವಿಚಿತ್ರವೇನಲ್ಲ. ನಮ್ಮ 'ಚೂರು' ಕೂಡ ಮೂಲದಲ್ಲಿ ನಾಮಪದ, ಒಡೆದ ತುಂಡು. 'ಒಂದು ಚೂರು' ಬಾಯಲ್ಲಿ ಸವೆದು 'ಒಂಚೂರು' ಆಯಿತು. ಈಗ "ಒಂಚೂರು ಬಾ ಇಲ್ಲಿ" ಎಂದರೆ ಯಾರೂ ತುಂಡು ಹುಡುಕುವುದಿಲ್ಲ. 'ರವಷ್ಟು' ಎನ್ನುವಾಗ ರವೆಯೂ 'ಎಳ್ಳಷ್ಟು' ಎನ್ನುವಾಗ ಎಳ್ಳೂ ಇದೇ ದಾರಿಯಲ್ಲಿ ಅಳತೆಯಾಗಿವೆ.

ಹಳೆಯ ನಾಮಪದದ ಪಳೆಯುಳಿಕೆ ಇವತ್ತಿಗೂ ಒಂದು ಕಡೆ ಇದೆ. 'ಬೈಡ್ ಎ ವೀ' ಎಂದರೆ ಕೊಂಚ ಹೊತ್ತು ಇರು; ಧಾರವಾಡದ ಕಡೆಯ 'ಒಂದೀಟು ತಡಿ'ಗೆ ತೀರ ಹತ್ತಿರ. ಇಲ್ಲಿ 'ವೀ' ಮುಂದೆ ಇನ್ನೊಂದು ನಾಮಪದವಿಲ್ಲ, ಅದೇ ನಾಮಪದ. ರಜೆಗೆ ಬಾಡಿಗೆಗೆ ಕೊಡುವ ಹಳ್ಳಿಮನೆಗಳ ಗೇಟಿನ ಮೇಲೆ ಈ ಮೂರು ಪದಗಳ ಫಲಕ ಕಾಣುತ್ತದೆ.

ಚಿಕ್ಕಪ್ಪನಲ್ಲಿರುವ ಚಿಕ್ಕ

ಆರಡಿ ಎತ್ತರದ ಯುವಕನನ್ನು ತೋರಿಸಿ "ಮಾ ವೀ ಬ್ರದರ್" ಎಂದು ಪರಿಚಯಿಸಿದರೆ ನಗಬೇಕಾಗಿಲ್ಲ. ಇಲ್ಲಿ ವೀ ಎಂದರೆ ವಯಸ್ಸಿನಲ್ಲಿ ಕಿರಿಯ. ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ: ಅಪ್ಪನಿಗಿಂತ ಒಂದು ಗೇಣು ಎತ್ತರವಿದ್ದರೂ ಚಿಕ್ಕಪ್ಪ ಚಿಕ್ಕಪ್ಪನೇ. ಎದುರಿಗೆ 'ಬಿಗ್ ಬ್ರದರ್', 'ಬಿಗ್ ಸಿಸ್ಟರ್' ಬರುತ್ತವೆ, ನಮ್ಮ ದೊಡ್ಡಪ್ಪ ದೊಡ್ಡಮ್ಮನ ಹಾಗೆ.

ಮಗುವಿಗೆ 'ವೀ ಯಿನ್', ಅಂದರೆ 'ಚಿಕ್ಕದೊಂದು'. ಇದೇ ಅರ್ಥದ 'ವೀ ಏನ್' ಬೆಸೆದುಕೊಂಡು ಗ್ಲಾಸ್ಗೋ ಮತ್ತು ಪಶ್ಚಿಮದ ಕಡೆ 'ವೇನ್' ಎಂಬ ಹೊಸ ಪದವೇ ಹುಟ್ಟಿದೆ. 'ದ ವೇನ್ಸ್' ಎಂದರೆ ಮಕ್ಕಳು. ಪೂರ್ವದ ಎಡಿನ್‌ಬರೋ ಕಡೆಗೆ ಬಂದರೆ ಅದೇ ಮಕ್ಕಳು 'ಬೇರ್ನ್ಸ್' ಆಗುತ್ತಾರೆ. ನರ್ಸಿಂಗ್ ಕೆಲಸಕ್ಕೆ ಹೋದವರು ಇಲ್ಲೊಂದು ಕಡೆ ಎಡವುತ್ತಾರೆ. 'ವೇನ್' ಪದವನ್ನು ಬರೆದಾಗ ಅದರ ಕಾಗುಣಿತ, ಹಾಲು ಬಿಡಿಸುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ವೀನ್' ಕ್ರಿಯಾಪದದ ಕಾಗುಣಿತ ಎರಡೂ ಒಂದೇ. ಸಂದೇಶದಲ್ಲಿ ಆ ಅಕ್ಷರಗಳು ಕಂಡರೆ ಅದು ನಾಮಪದವೋ ಕ್ರಿಯಾಪದವೋ ನೋಡಬೇಕು. ಹಿಂದೆ 'ದ' ಇದ್ದರೆ ಮಗು. ಬಾಯಲ್ಲಿ ಹೇಳಿದಾಗ ಗೊಂದಲವಿಲ್ಲ, ಏ-ಕಾರ ಕೇಳಿದರೆ ಮಗು, ಈ-ಕಾರ ಕೇಳಿದರೆ ಹಾಲು ಬಿಡಿಸುವ ವಿಚಾರ.

ಅಕ್ಕರೆ ಇಲ್ಲಿಂದಲೇ ಹರಿಯುತ್ತದೆ. ನಾವು ಮಗುವನ್ನು 'ಪುಟ್ಟಾ', 'ಮರಿ' ಎನ್ನುತ್ತೇವೆ, ಅದು ಕಾಲೇಜಿಗೆ ಹೋದ ಮೇಲೂ ಬಿಡುವುದಿಲ್ಲ. "ಶೀಸ್ ಎ ವೀ ಸೋಲ್" ಎಂದರೆ ಪಾಪದವಳು, ಒಳ್ಳೆಯ ಜೀವ. ಎಂಬತ್ತರ ಅಜ್ಜಿಗೂ ಹೇಳಬಹುದು. ರಾಬರ್ಟ್ ಬರ್ನ್ಸ್ 1785ರಲ್ಲಿ ನೇಗಿಲಿಗೆ ಸಿಕ್ಕಿ ಗೂಡು ಕಳೆದುಕೊಂಡ ಇಲಿಯ ಮೇಲೆ ಬರೆದ ಪದ್ಯದ ಮೊದಲ ಪದ 'ವೀ'. ಇಲಿ ಚಿಕ್ಕದೆಂದು ಯಾರಿಗೂ ತಿಳಿಸಬೇಕಾಗಿರಲಿಲ್ಲ. ಕನಿಕರ ಅಲ್ಲಿಂದಲೇ ಶುರುವಾಗಲಿ ಎಂದು ಆ ಪದ.

ಮನುಷ್ಯರಲ್ಲದ ಚಿಕ್ಕವರೂ ಇದ್ದಾರೆ. 'ವೀ ಫೋಕ್' ಎಂದರೆ ಗುಡ್ಡದೊಳಗೆ ವಾಸಿಸುವ ಯಕ್ಷ ಜನ. ಗ್ಲಾಸ್ಗೋದಲ್ಲಿ ಬೇಸರ, ಬೆರಗು ಎರಡಕ್ಕೂ "ಇನ್ ದ ನೇಮ್ ಓ ದ ವೀ ಮ್ಯಾನ್!" ಎನ್ನುತ್ತಾರೆ. ಆ ವೀ ಮ್ಯಾನ್ ಸೈತಾನ. ಹೆಸರು ಹಿಡಿದು ಕರೆದರೆ ಬಂದುಬಿಟ್ಟಾನೆಂದು ಪಕ್ಕದ ಹೆಸರು, ಹಾವಿಗೆ ರಾತ್ರಿ ಹೊತ್ತು 'ಹುಳ' ಎಂದ ಹಾಗೆ.

ಮಾತಿಗೆ ಸವರುವ ಎಣ್ಣೆ

ದಿನಬಳಕೆಯ ಬಹುಪಾಲು 'ವೀ' ಈ ಜಾತಿಯದು. ಚೀಲದ ಪ್ರಶ್ನೆಯಲ್ಲಿ ಕಂಡದ್ದು ಇದೇ.

ರಕ್ತ ಪರೀಕ್ಷೆಯ ಕೋಣೆಯನ್ನೇ ನೋಡಿ. ನರ್ಸ್ ಬಾಗಿಲಲ್ಲಿ "ಕುಡ್ ಯು ಟೇಕ್ ಎ ವೀ ಸೀಟ್" ಎನ್ನುತ್ತಾರೆ; ಕುರ್ಚಿ ಎಲ್ಲರ ಕುರ್ಚಿಯೇ. "ಜಸ್ಟ್ ರೋಲ್ ಅಪ್ ಯುವರ್ ವೀ ಸ್ಲೀವ್." ತೋಳು ಮೊಣಕೈ ಮೇಲೆ ಹೋಗಬೇಕು. "ಯುವರ್ ವೀ ಡೇಟ್ ಆಫ್ ಬರ್ತ್?" ಹುಟ್ಟಿದ ದಿನಾಂಕಕ್ಕೆ ಚಿಕ್ಕದು ದೊಡ್ಡದು ಎಲ್ಲಿಂದ ಬಂತು! ಕೊನೆಗೆ "ಎ ವೀ ಜ್ಯಾಗ್ ನೌ." ಜ್ಯಾಗ್ ಎಂದರೆ ಸೂಜಿ ಚುಚ್ಚುವುದು, ಇಂಜೆಕ್ಷನ್ನಿಗೂ ಲಸಿಕೆಗೂ ಇದೇ ಪದ. ನಾಲ್ಕು ವಾಕ್ಯದಲ್ಲಿ ನಾಲ್ಕು ವೀ. ಒಂದನ್ನೂ 'ಚಿಕ್ಕ' ಎಂದು ಅನುವಾದಿಸಲಾಗದು. ಕನ್ನಡದಲ್ಲಿ ಇದೇ ನರ್ಸ್ "ಒಂಚೂರು ಕೂತ್ಕೊಳ್ಳಿ, ತೋಳು ಸ್ವಲ್ಪ ಮೇಲೆ ಮಾಡ್ಕೊಳ್ಳಿ, ಡೇಟ್ ಆಫ್ ಬರ್ತ್ ಸ್ವಲ್ಪ ಹೇಳ್ತೀರಾ" ಎನ್ನುತ್ತಿದ್ದರು. ಕೂತುಕೊಳ್ಳುವುದರಲ್ಲಿ ಒಂಚೂರು ಎಷ್ಟೋ, ದಿನಾಂಕದಲ್ಲಿ ಸ್ವಲ್ಪ ಎಷ್ಟೋ, ವೀ ಕೂಡ ಅಷ್ಟೇ.

ವ್ಯತ್ಯಾಸ ಇರುವುದು ವ್ಯಾಕರಣದಲ್ಲಿ. ನಮ್ಮ 'ಸ್ವಲ್ಪ' ಹೆಚ್ಚಾಗಿ ಕ್ರಿಯಾಪದಕ್ಕೆ ತಗಲಿಕೊಳ್ಳುತ್ತದೆ: ಸ್ವಲ್ಪ ಸರೀರಿ, ಸ್ವಲ್ಪ ನೋಡಿ. 'ವೀ'ಗೆ ನೇತಾಡಲು ನಾಮಪದ ಬೇಕು. ಆದ್ದರಿಂದ 'ನೋಡು' ಎಂಬ ಕೆಲಸವನ್ನೇ ನಾಮಪದ ಮಾಡಿ 'ಹ್ಯಾವ್ ಎ ವೀ ಲುಕ್' ಎನ್ನುತ್ತಾರೆ. 'ಎ ವೀ ಚಾಟ್', 'ಎ ವೀ ವಾಕ್', 'ಎ ವೀ ಥಿಂಕ್' ಎಲ್ಲ ಹೀಗೆ ಹುಟ್ಟಿದವು. ಹೊಸಬರು ಕನ್ನಡದ ಅಭ್ಯಾಸದಲ್ಲಿ 'ವೀ ಲುಕ್' ಎಂದು 'ಎ' ಬಿಟ್ಟು ಹೇಳಿದರೆ ಎದುರಿನವರಿಗೆ 'ನಾವು ನೋಡುತ್ತೇವೆ' ಎಂದು ಕೇಳಿಸುತ್ತದೆ. ಇಂಗ್ಲಿಷಿನ 'ನಾವು' ಕೂಡ ಇದೇ ಉಚ್ಚಾರದ ಪದವಲ್ಲವೇ? 'ಎ' ನುಂಗಬಾರದು.

ಕಡಿಮೆ ಹೇಳಿ ಹೆಚ್ಚು ತಿಳಿಸುವ ವೀ

"ಇಟ್ಸ್ ಎ ವೀ ಬಿಟ್ ನಿಪ್ಪಿ" ಎಂದು ಯಾರಾದರೂ ಹೇಳಿದರೆ ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಹೊರಡಬೇಕು. ನಿಪ್ಪಿ ಎಂದರೆ ಚಳಿ ಕಚ್ಚುತ್ತಿದೆ ಎಂದರ್ಥ. 'ವೀ ಬಿಟ್' ಸೇರಿಸಿದ್ದು ಚಳಿ ಕಡಿಮೆಯಿದೆ ಎಂದಲ್ಲ, ದೂರುವುದು ಮರ್ಯಾದೆಯಲ್ಲ ಎಂದು. 'ಎ ವೀ ಬಿಟ್ ಆಫ್ ಬಾದರ್' ಎಂದರೆ ಪೊಲೀಸರು ಬಂದು ಹೋಗಿರಬಹುದು.

ಇವುಗಳಲ್ಲಿ ನೌಕರರು, ವಿದ್ಯಾರ್ಥಿಗಳು ಗುರುತಿಟ್ಟುಕೊಳ್ಳಬೇಕಾದದ್ದು ಒಂದು: "ಕುಡ್ ಐ ಹ್ಯಾವ್ ಎ ವೀ ವರ್ಡ್?" ಮೇಲಧಿಕಾರಿ ಹೀಗೆ ಕೇಳಿದರೆ ಅದು ಒಂದು ಪದದಲ್ಲಿ ಮುಗಿಯುವುದಿಲ್ಲ, ಹೊಗಳಿಕೆ ಇರುವ ಸಾಧ್ಯತೆಯೂ ಕಡಿಮೆ. "ನಿಮ್ಮ ಹತ್ರ ಸ್ವಲ್ಪ ಮಾತಾಡೋದಿತ್ತು" ಎಂದು ಇಲ್ಲಿ ಮ್ಯಾನೇಜರು ಹೇಳಿದಾಗ ಎದೆ ಧಸಕ್ಕೆನ್ನುವುದಿಲ್ಲವೇ, ಅಷ್ಟೇ ತೂಕ.

ಕುಡಿತದ ಅಳತೆಯಲ್ಲೂ ಹೀಗೇ ಆಟವಾಡುತ್ತಾರೆ. ಔಷಧಿ ಅಂಗಡಿಯ ಹಳೆಯ ಲೆಕ್ಕದಲ್ಲಿ ಒಂದು ಡ್ರ್ಯಾಮ್ ಎಂದರೆ ಒಂದು ಔನ್ಸಿನ ಎಂಟನೇ ಒಂದು ಭಾಗ, ಸುಮಾರು ಮೂರೂವರೆ ಮಿಲಿಲೀಟರು. ಟೀ ಚಮಚವೂ ತುಂಬುವುದಿಲ್ಲ. ಬ್ರಿಟನ್ನಿನ ಪಬ್‌ಗಳು ವಿಸ್ಕಿಯನ್ನು ಕಾನೂನಿನಂತೆ 25 ಅಥವಾ 35 ಮಿಲಿಲೀಟರಿನ ಅಳತೆಯಲ್ಲಿ ಕೊಡಬೇಕು. ಮನೆಯಲ್ಲಿ "ಎ ವೀ ಡ್ರ್ಯಾಮ್?" ಎಂದು ಕೇಳಿದರೆ ಇವೆರಡೂ ಲೆಕ್ಕಕ್ಕಿಲ್ಲ. ಸುರಿಯುವವರ ಕೈ ಎಷ್ಟು ಉದಾರವೋ ಅಷ್ಟು. 'ವೀ ಹೆವಿ' ಎಂಬ ಬಿಯರ್ ಜಾತಿಯೂ ಇದೆ, ಸ್ಕಾಟಿಷ್ ಬಿಯರುಗಳಲ್ಲೇ ಗಟ್ಟಿಯಾದದ್ದು. ಆ ವೀ ಬಂದಿದ್ದು ಹಿಂದೆ ಅದನ್ನು ಮಾರುತ್ತಿದ್ದ ಪುಟ್ಟ ಸೀಸೆಯಿಂದ, ಮದ್ಯದ ಬಲದಿಂದಲ್ಲ.

ಹೊತ್ತಿನ ವಿಷಯ ಬೇಗ ಮುಗಿಸಬಹುದು. 'ಎ ವೀ ಮಿನಿಟ್', 'ಎ ವೀ ವೈಲ್' ಎರಡೂ ನಮ್ಮ "ಇಗೋ, ಐದೇ ನಿಮಿಷ ಬಂದೆ"ಯ ಸಂಬಂಧಿಕರು. 'ವೀ ಸ್ಮಾ ಊರ್ಸ್' ಎಂದರೆ ಮಾತ್ರ ನಿಖರ: ನಡುರಾತ್ರಿ ಕಳೆದ ಮೇಲಿನ ಒಂದು, ಎರಡು, ಮೂರು ಗಂಟೆ. ಗಡಿಯಾರದ ಅಂಕಿ ಚಿಕ್ಕದಾಗಿರುವುದರಿಂದ ಆ ಹೆಸರು. ಇದು ಸ್ಕಾಟ್ಲೆಂಡ್ ದಾಟಿ ಇಂಗ್ಲಿಷ್ ಪತ್ರಿಕೆಗಳಿಗೆಲ್ಲ ಹಬ್ಬಿದೆ.

ಚುಚ್ಚುವ ವೀ

ಎಣ್ಣೆಯೂ ಜಾರಿ ಬೀಳಿಸುತ್ತದೆ. "ಹೌ ಈಸ್ ಯುವರ್ ವೀ ಪ್ರಾಜೆಕ್ಟ್?" ಎಂದು ಸಹೋದ್ಯೋಗಿ ಕೇಳಿದರೆ ಅಕ್ಕರೆಯೂ ಇರಬಹುದು, "ನಿಂದೂ ಒಂದು ಪ್ರಾಜೆಕ್ಟಾ" ಎಂಬ ತಾತ್ಸಾರವೂ ಇರಬಹುದು. ತನ್ನ ವಸ್ತುವಿಗೆ ತಾನೇ ವೀ ಹಾಕಿದರೆ ವಿನಯ. ಇನ್ನೊಬ್ಬರ ಕೆಲಸಕ್ಕೆ, ಸಂಬಳಕ್ಕೆ, ಹುದ್ದೆಗೆ ಹಾಕಿದರೆ ಅಪಾಯ. 'ವೀ ಮ್ಯಾನ್' ಎಂದು ಹುಡುಗನನ್ನೋ ಗೆಳೆಯನನ್ನೋ ಕರೆಯಬಹುದು. ಅಪರಿಚಿತ ಗಂಡಸಿಗೆ ಹಾಗೆಂದರೆ ಜಗಳಕ್ಕೆ ಕರೆದ ಹಾಗೆ. ಬೈಗುಳದ ಹಿಂದೆ 'ಯಾ ವೀ' ಸೇರಿದಾಗ ಬೈಗುಳ ತಗ್ಗುವುದಿಲ್ಲ, ಇನ್ನೂ ಮೊನಚಾಗುತ್ತದೆ.

ಇತಿಹಾಸದಲ್ಲಿ ದಾಖಲಾದ ಚುಚ್ಚು ಒಂದಿದೆ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆದು 'ಫ್ರೀ ಚರ್ಚ್' ಹುಟ್ಟಿತು. 1900ರಲ್ಲಿ ಅದರ ಬಹುಪಾಲು ಜನ ಇನ್ನೊಂದು ಪಂಗಡದೊಂದಿಗೆ ಸೇರಿಕೊಂಡರು. ಒಪ್ಪದ ಕೆಲವೇ ಪಾದ್ರಿಗಳು ಹಳೆಯ ಹೆಸರು ಹಿಡಿದು ಉಳಿದರು. ಜನ ಅವರನ್ನು 'ವೀ ಫ್ರೀಸ್' ಎಂದು ಗೇಲಿ ಮಾಡಿದರು. ಆ ಚಿಕ್ಕ ಗುಂಪು ನ್ಯಾಯಾಲಯಕ್ಕೆ ಹೋಯಿತು. 1904ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಬ್ರಿಟಿಷ್ ಸಂಸತ್ತಿನ ಮೇಲ್ಮನೆ, ಆಗ ಕೊನೆಯ ಮೇಲ್ಮನವಿಯ ನ್ಯಾಯಾಲಯವೂ ಅದೇ), ಮೂಲ ತತ್ವ ಬಿಡದೆ ಉಳಿದವರೇ ನಿಜವಾದ ಫ್ರೀ ಚರ್ಚು ಎಂದು ಹೇಳಿ ಆಸ್ತಿಯನ್ನೆಲ್ಲ ಅವರ ಪಾಲಿಗೆ ಕೊಟ್ಟಿತು. ಬೆರಳೆಣಿಕೆಯ ಪಾದ್ರಿಗಳಿಗೆ ದೇಶದುದ್ದಕ್ಕೂ ಚರ್ಚುಗಳು! ನಡೆಸಲಾಗದ ಈ ಸ್ಥಿತಿಯನ್ನು ಸರಿಪಡಿಸಲು 1905ರಲ್ಲಿ ಸಂಸತ್ತೇ ಕಾಯ್ದೆ ತಂದು ಆಸ್ತಿ ಹಂಚಬೇಕಾಯಿತು. ಗೇಲಿಯ ಹೆಸರು ಮಾತ್ರ ಇನ್ನೂ ಅಂಟಿಕೊಂಡಿದೆ. ಆ ಚರ್ಚಿನವರ ಎದುರು ಅದನ್ನು ಬಳಸದಿರುವುದು ಲೇಸು.

ಬಚ್ಚಲ ಕಡೆಯ ವೀ

ಇಂಗ್ಲಿಷಿನಲ್ಲಿ ಮಕ್ಕಳು ಒಂದಕ್ಕೆ ಹೋಗುವುದಕ್ಕೂ 'ವೀ' ಎನ್ನುತ್ತಾರೆ. ಅದು 20ನೇ ಶತಮಾನದಲ್ಲಿ ಬಳಕೆಗೆ ಬಂದ ಮಕ್ಕಳ ಮಾತು, ತೂಕದ ವೀಗೆ ಬಂಧುವಲ್ಲ. ಸ್ಕಾಟ್ಲೆಂಡಿನಲ್ಲಿ ಎರಡೂ ಓಡಾಡುತ್ತವೆ. ಬೇರ್ಪಡಿಸುವ ಕೀಲಿ ಮುಂದಿನ ಪದದಲ್ಲಿದೆ. 'ಐ ನೀಡ್ ಎ ವೀ' ಎಂದು ವಾಕ್ಯ ಅಲ್ಲೇ ನಿಂತರೆ ಬಚ್ಚಲು. 'ಐ ನೀಡ್ ಎ ವೀ ರೆಸ್ಟ್' ಎಂದು ಮುಂದೆ ನಾಮಪದ ಬಂದರೆ ಚಿಕ್ಕದು. ಮೇಲೆ ಹೇಳಿದ 'ಬೈಡ್ ಎ ವೀ' ಇದಕ್ಕೆ ಅಪವಾದ, ಆದರೆ ಅದು ಗೇಟಿನ ಫಲಕದಲ್ಲೇ ಹೆಚ್ಚು ಸಿಗುವುದರಿಂದ ತೊಂದರೆಯಿಲ್ಲ. ಹಳಬರ ಬಾಯಲ್ಲಿ 'ವೀ ಹೂಸ್' ಎಂದರೆ 'ಚಿಕ್ಕ ಮನೆ', ಹಿತ್ತಲ ಪಾಯಿಖಾನೆ. ಇದು ತೂಕದ ವೀಯೇ, ಕಾಕತಾಳೀಯವಾಗಿ ಬಂದು ಸೇರಿದ್ದು ಮಾತ್ರ ಬಚ್ಚಲಿಗೆ.

ಊರು ಬದಲಾದರೆ

ಶೆಟ್‌ಲ್ಯಾಂಡ್ ದ್ವೀಪಗಳಿಗೆ ಹೋದರೆ ಈ ಕೆಲಸಗಳನ್ನೆಲ್ಲ 'ಪೀರಿ' ಮಾಡುತ್ತದೆ, ಆರ್ಕ್ನಿಯಲ್ಲಿ 'ಪೀಡಿ'. ಅಬರ್ಡೀನ್ ಸುತ್ತಲಿನ ಡೋರಿಕ್ ಮಾತಿನವರು ಪದದ ಬಾಲಕ್ಕೆ 'ಇ' ಹಚ್ಚುತ್ತಾರೆ: 'ಲೂನ್' ಹುಡುಗ, 'ಲೂನಿ' ಪುಟ್ಟ ಹುಡುಗ. ಸಾಲದಿದ್ದರೆ ಹಿಂದೊಂದು ವೀ, ನಡುವೊಂದು ಬಿಟ್ ಸೇರಿಸಿ 'ಎ ವೀ ಬಿಟ್ ಲೂನಿ' ಎಂದು ಮೂರು ಬಾರಿ ಚಿಕ್ಕದು ಮಾಡುತ್ತಾರೆ. 17ನೇ ಶತಮಾನದಲ್ಲಿ ಐರ್ಲೆಂಡಿನ ಉತ್ತರಕ್ಕೆ ವಲಸೆ ಹೋದ ಸ್ಕಾಟರು ಪದವನ್ನು ಅಲ್ಲಿಗೂ ಒಯ್ದರು. ಬೆಲ್‌ಫಾಸ್ಟಿನ ಅಂಗಡಿಗಳಲ್ಲಿ ವೀ ರಸೀದಿ, ವೀ ಚಿಲ್ಲರೆ ಎಲ್ಲ ಗ್ಲಾಸ್ಗೋದಂತೆಯೇ. ನ್ಯೂಜಿಲೆಂಡಿನ ಡನೀಡನ್ ಊರನ್ನು 1848ರಲ್ಲಿ ನೆಲೆಗೊಳಿಸಿದವರು ಮೇಲೆ ಬಂದ ಅದೇ ಫ್ರೀ ಚರ್ಚಿನ ಜನ. ಆ ದೇಶದ ಇಂಗ್ಲಿಷಿನಲ್ಲೂ 'ವೀ' ಸಲೀಸಾಗಿ ಕೇಳುತ್ತದೆ.

ಬಾಯಿಗೆ ತಂದುಕೊಳ್ಳುವುದು

ಕನ್ನಡದ ವ-ಕಾರಕ್ಕೆ ಮೇಲಿನ ಹಲ್ಲು ಕೆಳತುಟಿಯ ಹತ್ತಿರ ಬರುತ್ತದೆ. ಇಲ್ಲಿ ಹಲ್ಲಿಗೆ ಕೆಲಸವಿಲ್ಲ. ಸೀಟಿ ಹೊಡೆಯುವ ಹಾಗೆ ತುಟಿ ದುಂಡಗೆ ಮಾಡಿ 'ಉ' ಎಂದು ಶುರುಮಾಡಿ ತಕ್ಷಣ 'ಈ'ಗೆ ಜಾರಬೇಕು. 'ಉಈ' ಎಂದು ನಿಧಾನಕ್ಕೆ ನಾಲ್ಕು ಸಲ, ಬೇಗ ನಾಲ್ಕು ಸಲ ಹೇಳಿದರೆ ಕೂಡುತ್ತದೆ.

ಮೊದಮೊದಲು ನಿಮ್ಮ ಕೋರಿಕೆಗಳಿಗಷ್ಟೇ ಹಚ್ಚಿ. "ಕುಡ್ ಐ ಗೆಟ್ ಎ ವೀ ಬಿಟ್ ಮೋರ್ ಟೈಮ್?" ಯಾರಿಗೂ ಕೆಡುಕೆನಿಸದ ವಾಕ್ಯ. ಸಂತಾಪ ಹೇಳುವಾಗ, ವೈದ್ಯರು ಗಂಭೀರ ಫಲಿತಾಂಶ ತಿಳಿಸುವಾಗ, ಔಷಧಿಯ ಪ್ರಮಾಣ ಬರೆಯುವಾಗ ಬೇಡ. ಅದರಲ್ಲೂ ಔಷಧಿ: "ಟೇಕ್ ಎ ವೀ ಬಿಟ್" ಎಂದರೆ ಅರ್ಧ ಚಮಚವೋ ಎರಡು ಚಮಚವೋ ಯಾರೂ ಹೇಳಲಾರರು, ಎಷ್ಟು ಮಿಲಿಲೀಟರ್ ಎಂದು ಕೇಳಿಯೇ ತಿಳಿದುಕೊಳ್ಳಬೇಕು. ಇನ್ನು ಅಡುಗೆಮನೆಯಲ್ಲಿ ಹಳಬರು "ಎ ವೀ ಬಿಟ್ ಬ್ರೆಡ್", "ಎ ವೀ ಡ್ರ್ಯಾಪ್ ಟೀ" ಎಂದು ನಡುವಿನ 'ಆಫ್' ಬಿಟ್ಟು ಹೇಳುವುದನ್ನು ಕೇಳುತ್ತೀರಿ. ಅದು ತಪ್ಪು ಇಂಗ್ಲಿಷಲ್ಲ, ಸ್ಕಾಟ್ಸ್ ವ್ಯಾಕರಣವೇ ಹಾಗೆ. 'ಒಂಚೂರು ಉಪ್ಪು' ಎನ್ನುವ ನಮಗೆ ಚೂರಿಗೂ ಉಪ್ಪಿಗೂ ನಡುವೆ ಏನೂ ಬೇಡವಲ್ಲ, ಅವರಿಗೂ ಬೇಡ.